ರಿಪೋರ್ಟ್ ನೋಡುವ ಮೊದಲು ಕೂಸನ್ನು ನೋಡುತ್ತೇನೆ

ವಿಜಯಪುರದ ಒಂದು ನವಜಾತ ಶಿಶು ಘಟಕದಲ್ಲಿ ನಾನು ನರ್ಸ್. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ದಿನ ತುಂಬದೆ ಹುಟ್ಟಿದ ಕೂಸುಗಳು ನಮ್ಮಲ್ಲಿಗೆ ಬರುತ್ತವೆ. ಮೂಗಿನ ಹೊಳ್ಳೆ ಅರಳಿಸಿ, ಎದೆ ಒಳಕ್ಕೆಳೆದು, ನರಳುತ್ತಾ ಉಸಿರಾಡುತ್ತಿರುತ್ತವೆ. ಉಸಿರು ನೋಡುತ್ತಲೇ ಸೂಜಿ ಚುಚ್ಚಿದ ಜಾಗವನ್ನೂ ನೋಡುತ್ತೇನೆ. ಹತ್ತಿ ಒತ್ತಿ ಹಿಡಿದರೂ ರಕ್ತ ಜಿನುಗುತ್ತಿದೆಯಾ? ಸಕ್ಷನ್ ಮಾಡುವಾಗ, ಅಂದರೆ ಗಂಟಲಿನ ಕಫವನ್ನು ನಳಿಕೆಯಿಂದ ಹೀರಿ ತೆಗೆಯುವಾಗ, ಕೆಂಪು ಬಂತಾ? ಬಂದರೆ ಡಾಕ್ಟರಿಗೆ ಆಗಲೇ ಹೇಳಬೇಕು.

ರಕ್ತ ಹೆಪ್ಪುಗಟ್ಟಿಸುವ ಅಂಶಗಳು ತಯಾರಾಗುವುದು ಲಿವರಿನಲ್ಲಿ. ಈ ಕೂಸುಗಳ ಲಿವರ್ ಇನ್ನೂ ಬಲಿತಿರುವುದಿಲ್ಲ. ಆ ಅಂಶಗಳು ತಯಾರಾಗಲು ಬೇಕಾದ, ತಾಯಿಯಿಂದ ಬರುವ ವಿಟಮಿನ್ ಕೆ ಕೂಡ ಕಡಿಮೆ. ಇದರ ಮೇಲೆ ಆಕ್ಸಿಜನ್ ಸಾಲದೆ, ಮೈ ತಣ್ಣಗಾಗಿ, ಸೋಂಕೂ ಸೇರಿದರೆ ಇದ್ದಬದ್ದ ಅಂಶಗಳು, ರಕ್ತ ನಿಲ್ಲಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಖರ್ಚಾಗಿಬಿಡುತ್ತವೆ. ಹಾಗಾಗಿ ಡಿಸೆಂಬರ್ ರಾತ್ರಿ ಆಂಬುಲೆನ್ಸ್ ಬಂದರೆ ಮೊದಲು ಕೂಸಿನ ಪಾದ ಮುಟ್ಟಿ ನೋಡುತ್ತೇನೆ. ಬೆಚ್ಚಗೆ ಮಾಡಿ, ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಹಾಕಿ, ವಿಟಮಿನ್ ಕೆ ಕೊಟ್ಟಿದ್ದಾರಾ ಅಂತ ಚೀಟಿ ಹುಡುಕುತ್ತೇನೆ. ತೂಕ ಒಂದು ಕಿಲೋ ಮೇಲಿದ್ದರೆ ತೊಡೆಗೆ 1 ಮಿಲಿಗ್ರಾಂ, ಕಡಿಮೆಯಿದ್ದರೆ 0.5.

ಪಿಟಿ, ಎಪಿಟಿಟಿಗೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕೆಂದು ನೋಡುವ ಪರೀಕ್ಷೆಗಳಿಗೆ, ರಕ್ತ ತೆಗೆಯುವಾಗ ಮಾತ್ರ ನಾನು ಯಾರಿಗೂ ಅವಸರ ಮಾಡಲು ಬಿಡುವುದಿಲ್ಲ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗಟ್ಟಿಯಾಗದಂತೆ ತಡೆಯುವ ಸಿಟ್ರೇಟ್ ದ್ರವ ಇರುತ್ತದೆ; ಅದರ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಬೇಕು. ಗೆರೆ ಮುಟ್ಟದಿದ್ದರೆ ಸಮಯ ಸುಮ್ನೆ ಜಾಸ್ತಿ ತೋರಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ಹೋಗುವ ಲೈನಿನಿಂದ ತೆಗೆದರೂ ಅದೇ ಕತೆ. ಹಿಮ್ಮಡಿ ಹಿಂಡಿದ ರಕ್ತವಂತೂ ಟ್ಯೂಬಿಗೆ ಇಳಿಯುವ ಮೊದಲೇ ಗಟ್ಟಿಯಾಗತೊಡಗುತ್ತದೆ. ನಾನು ಸಲೀಸಾಗಿ ಹರಿಯುವ ನರವನ್ನೇ ಹುಡುಕುತ್ತೇನೆ. ಸಣ್ಣ ಟ್ಯೂಬ್ ಕೇಳಿ ತರಿಸುತ್ತೇನೆ. ತುಂಬಿದ ಮೇಲೆ ಕುಲುಕದೆ, ಮೆಲ್ಲಗೆ ಮೇಲೆ ಕೆಳಗೆ ತಿರುವುತ್ತೇನೆ.

ಒಮ್ಮೆ ಒಬ್ಬ ಅಜ್ಜಿ ಕೇಳಿದರು: "ಮತ್ತ ರಕ್ತಾ ತಗೀತೀರೇನ್ರೀ ಸಿಸ್ಟರ್? ಅದರ ಮೈಯಾಗ ಇರೂದರ ಎಷ್ಟ್ರೀ?" ನ್ಯಾಯವಾದ ಪ್ರಶ್ನೆ. ಒಂದು ಕಿಲೋ ಕೂಸಿನ ಮೈಯಲ್ಲಿ ಇರುವುದೇ ಸುಮಾರು 90 ಮಿಲಿಲೀಟರ್, ಒಂದು ಸಣ್ಣ ಚಹಾ ಕಪ್ಪಿನಷ್ಟು. ತೆಗೆದ ಪ್ರತಿ ಮಿಲಿಲೀಟರನ್ನೂ ಚಾರ್ಟಿನಲ್ಲಿ ಬರೆದಿಡುತ್ತೇನೆ.

ರಿಪೋರ್ಟ್ ಬಂದ ಮೇಲೂ ಗಾಬರಿ ಬೇಡ. ದೊಡ್ಡವರಲ್ಲಿ 30ರಿಂದ 40 ಸೆಕೆಂಡ್ ಇರುವ ಎಪಿಟಿಟಿ, ಈ ಕೂಸುಗಳಲ್ಲಿ ಮೊದಲ ದಿನ 50 ದಾಟುವುದು ಸಹಜ. ರಕ್ತ ಹೋಗುತ್ತಿಲ್ಲವೆಂದರೆ ಬರೀ ಅಂಕಿ ನೋಡಿ ಪ್ಲಾಸ್ಮಾ (ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವ ಭಾಗ) ಹಾಕಬಾರದು, ಅಲ್ವಾ? ಹೋಗುತ್ತಿದ್ದರೆ ಡಾಕ್ಟರ್ ಹೇಳಿದಂತೆ ಕಿಲೋಗೆ 10ರಿಂದ 15 ಮಿಲಿಲೀಟರ್. ಪ್ಲೇಟ್‌ಲೆಟ್ ವಿಷಯದಲ್ಲೂ ಹೀಗೇ. ದಿನ ತುಂಬದ ಕೂಸುಗಳ ಮೇಲಿನ 2019ರ ಪ್ಲಾನೆಟ್-2 ಅಧ್ಯಯನದಲ್ಲಿ, ಎಣಿಕೆ (ಒಂದು ಮೈಕ್ರೋಲೀಟರ್ ರಕ್ತಕ್ಕೆ) 50,000ಕ್ಕಿಂತ ಇಳಿದ ಕೂಡಲೇ ಪ್ಲೇಟ್‌ಲೆಟ್ ಕೊಟ್ಟ ಕೂಸುಗಳಲ್ಲೇ ಸಾವು, ದೊಡ್ಡ ರಕ್ತಸ್ರಾವ ಹೆಚ್ಚು ಕಂಡವು. 25,000ದವರೆಗೆ ಕಾದವುಗಳಲ್ಲಿ ಕಡಿಮೆ.

ಮೊದಲ ಮೂರು ದಿನ ನನಗೆ ಭಯ ಮಿದುಳಿನದು. ಅಲ್ಲಿ ರಕ್ತಸ್ರಾವ ಆಗುವುದು ಹೆಚ್ಚಾಗಿ ಆಗಲೇ. ತಲೆ ನೇರ ಇಡುತ್ತೇನೆ. ಬಟ್ಟೆ ಬದಲಿಸುವಾಗ ಕಾಲು ಮೇಲೆತ್ತುವುದಿಲ್ಲ. ನೆತ್ತಿಯ ಮೇಲೆ ಸ್ಕ್ಯಾನ್ ಮಾಡಲು ಬರುವ ಹೊತ್ತಿಗೆ ಜೆಲ್ ಬೆಚ್ಚಗೆ ಮಾಡಿಟ್ಟಿರುತ್ತೇನೆ. ತಣ್ಣಗಿನದು ತಾಗಿದರೆ ಕೂಸು ಬೆಚ್ಚಿಬಿದ್ದು ಅಳುತ್ತದೆ, ಮಾನಿಟರಿನಲ್ಲಿ ಆಕ್ಸಿಜನ್ ಇಳಿಯುತ್ತದೆ.