ನಡುಗುವ ಕೈಗೆ ಅಂದರ್ ಬಾಹರ್: ಎಂಆರ್‌ಐ ಒಳಗಿನ ನನ್ನ ಅನುಭವ
ಪಾರ್ಕಿನ್ಸನ್ಸ್‌ಗೆ, ಅಂದರೆ ನಡುಕದ ಕಾಯಿಲೆಗೆ, ಕೊಡುವ ಡೋಪಮಿನ್ ಗುಳಿಗೆಗಳಿಂದ ಕೆಲವರಿಗೆ ಜೂಜಿನ ಚಟ ಹತ್ತುತ್ತದೆ. ಆಗ ಮಿದುಳಿನಲ್ಲಿ ಏನಾಗುತ್ತದೆ ಅಂತ ನೋಡಬೇಕಿತ್ತು. ಅದಕ್ಕೆ ರೋಗಿಗಳನ್ನು ಗುಳಿಗೆ ಇಲ್ಲದೆ ಎಫ್‌ಎಂಆರ್‌ಐ (ಮಿದುಳು ಕೆಲಸ ಮಾಡುವುದನ್ನು ತೋರಿಸುವ ಎಂಆರ್‌ಐ) ಒಳಗೆ ಮಲಗಿಸಿ ಜೂಜಾಡಿಸುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ತಲೆ ಅಲ್ಲಾಡುತ್ತೆ, ಡೇಟಾ ಎಲ್ಲಾ ಕಸ" ಅಂದರು. ಈಗ ಡೇಟಾ ಕೈಯಲ್ಲಿದೆ, ಚೊಕ್ಕವಾಗಿದೆ.

2009ರಲ್ಲಿ ಟೊರೊಂಟೊದವರು ರಾಕ್ಲೋಪ್ರೈಡ್ ಪೆಟ್ ಮಾಡಿದ್ದರು. ಅದು ಕಾರ್ಬನ್-11 ಎಂಬ ವಿಕಿರಣದ ಗುರುತು ಹಾಕಿದ ಮದ್ದು ಕೊಟ್ಟು ಮಾಡುವ ಸ್ಕ್ಯಾನ್; ಮಿದುಳಿನಲ್ಲಿ ಡೋಪಮಿನ್ ಜಾಸ್ತಿ ಸುರಿದಷ್ಟೂ ಆ ಮದ್ದು ಅಂಟಿಕೊಳ್ಳುವುದು (ಬೈಂಡಿಂಗ್) ಕಡಿಮೆ. ಜೂಜಾಟದ ಹೊತ್ತಿಗೆ ವೆಂಟ್ರಲ್ ಸ್ಟ್ರಯೇಟಮ್‌ನಲ್ಲಿ (ಗೆಲುವಿಗೆ, ಬಹುಮಾನಕ್ಕೆ ಮಿಡಿಯುವ ಮಿದುಳಿನ ಭಾಗ) ಬೈಂಡಿಂಗ್, ಜೂಜಿನ ಚಟ ಇದ್ದ ರೋಗಿಗಳಲ್ಲಿ ಶೇ. 14ರಷ್ಟು ಇಳಿಯಿತು, ಇಲ್ಲದವರಲ್ಲಿ ಶೇ. 8. ಆದರೆ ಕಾರ್ಬನ್-11ರ ಅರ್ಧಾಯುಷ್ಯ 20 ನಿಮಿಷ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಬೇಕು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಸಿಕ್ಕಿದ್ದು 3 ಟೆಸ್ಲಾ ಎಂಆರ್‌ಐ ಯಂತ್ರ, ಓಪಿಡಿ ಶುರುವಾಗುವ ಮುಂಚೆ, ಗಂಟೆಗೆ ಏಳೆಂಟು ಸಾವಿರ. ಬೆಳಗಿನ ಗುಳಿಗೆಗೆ ಮೊದಲೇ ಸ್ಕ್ಯಾನ್ ಆಗುತ್ತಿದ್ದದ್ದು ನಮಗೆ ಒಳ್ಳೆಯದೇ ಆಯಿತು. ದಿನಕ್ಕೊಂದೇ ಸಲ ತಗೊಳ್ಳುವ ಪ್ರಮಿಪೆಕ್ಸೋಲ್ (ಡೋಪಮಿನ್‌ನಂತೆ ಕೆಲಸ ಮಾಡುವ ಗುಳಿಗೆ) ನವರನ್ನು ಮಾತ್ರ ಬಿಟ್ಟೆವು, ಅದು ರಾತ್ರಿ ಕಳೆದರೂ ಮೈಯಿಂದ ಇಳಿಯಲ್ಲ.

ಮೊದಲು ಪಾಯಿಂಟ್ ಆಟ ಕೊಟ್ಟೆವು. ಸ್ಟ್ರಯೇಟಮ್ ಮಿಸುಕಲಿಲ್ಲ. ತಿಂಗಳುಗಟ್ಟಲೆ ಸ್ಕ್ಯಾನ್ ದುಡ್ಡು ನೀರುಪಾಲು. ಒಬ್ಬ ಯಜಮಾನರು "ಪಾಯಿಂಟ್ ತಗೊಂಡು ಏನ್ ಮಾಡ್ಲಿ ಸಾರ್, ದುಡ್ಡಿಡಿ" ಅಂದರು. ಸರಿ, ಅಂದರ್ ಬಾಹರ್ ಇಸ್ಪೀಟ್ ಆಟದ ಪ್ರೋಗ್ರಾಂ ಬರೆಸಿದೆ. ಜೋಕರ್ ಎಲೆ, ಎರಡು ಬಟನ್, ಪರದೆಯಲ್ಲಿ ಐನೂರರ ನೋಟು. ಗೆದ್ದದ್ದು ಅವರಿಗೇ, ಸೋತದ್ದು ನಮ್ಮ ಲೆಕ್ಕಕ್ಕೆ. ಎಥಿಕ್ಸ್ ಕಮಿಟಿ ಕಡತ ವಾಪಸ್ ಕಳಿಸಿತ್ತು. ಮನೆಯವರ ಸಹಿ ಸೇರಿಸಿದ ಮೇಲೆ ಬಿಟ್ಟರು. ಸುಮ್ನೆ ನೋಡೋಣ ಅಂತ ನಾಣ್ಯದ ಚಿತ್ರವನ್ನೂ ಹಾಕಿದ್ದೆ. ನೋಟಿಗೆ ಬಂದ ಸಿಗ್ನಲ್ ಅದಕ್ಕೆ ಬರಲಿಲ್ಲ.

ನಡುಕದ ವಿಷಯ. ಇದು ಕೈ ಸುಮ್ಮನಿದ್ದಾಗ ಬರುವ ನಡುಕ ಅಲ್ವಾ? ಹಾಗಾಗಿ ಕೈಗೆ ಹಿಡಿಯಲು ಏನಾದರೂ ಕೊಟ್ಟರೆ ಎಷ್ಟೋ ತಗ್ಗುತ್ತದೆ. ಬಟನ್ ಪೆಟ್ಟಿಗೆಗೆ ಹೊರದೇಶದವರು ನಾಲ್ಕೈದು ಲಕ್ಷ ಕೇಳಿದ್ದರು. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಫೈಬರ್ ತಂದು ಹದಿನೈದು ಸಾವಿರದೊಳಗೆ ಮಾಡಿಕೊಂಡೆ, ಬಟನ್ ಹಿಡಿಯ ಮೇಲೇ ಕೂತಿದೆ. ಹಿಡಿಯ ಅಳತೆ, ಪಟ್ಟಿ ಕಟ್ಟುವ ರೀತಿ ಪೇಪರ್ ಬರುವವರೆಗೆ ನನ್ನಲ್ಲೇ ಇರಲಿ. ಆಟದ ನಡುವೆ ಲೆಕ್ಕ ಮಾತ್ರ ಕೇಳಬೇಡಿ, ನಡುಕ ಏರುತ್ತದೆ.

ಸೈನಸ್ ಗಾಳಿಯಿಂದ ಆರ್ಬಿಟೋಫ್ರಂಟಲ್ ಭಾಗದ (ಕಣ್ಣಿನ ಮೇಲಿನ ಮುಂಭಾಗದ ಮಿದುಳು) ಸಿಗ್ನಲ್ ಬೀಳುತ್ತಿತ್ತು. ಸ್ಲೈಸ್ ಸುಮಾರು 30 ಡಿಗ್ರಿ ಓರೆ ಮಾಡಿ, ದಪ್ಪ 2 ಮಿ.ಮೀ.ಗೆ ಇಳಿಸಿದೆ. ಆಮೇಲೆ ಕಂಡಿತು ನೋಡಿ: ಗುಳಿಗೆ ತಗೊಂಡ ಮೇಲೆ ಮತ್ತೆ ಮಾಡಿದ ಸ್ಕ್ಯಾನ್‌ನಲ್ಲಿ ಚಟ ಇದ್ದವರಿಗೆ, ಸೋತಾಗ ತಡೆಯಬೇಕಾದ ಆ ಭಾಗವೇ ಮಂಕಾಯಿತು. ಉಳಿದವರಲ್ಲಿ ಹಾಗಾಗಲಿಲ್ಲ. 2010ರಲ್ಲಿ ಅದೇ ಟೊರೊಂಟೊ ಗುಂಪು ಡೋಪಮಿನ್‌ನಂಥ ಮದ್ದು ಅಪೋಮಾರ್ಫಿನ್ ಕೊಟ್ಟು ಪೆಟ್‌ನಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ.

ಒಬ್ಬರು ಸೈಟು ಮಾರಿ ರಮ್ಮಿಗೆ ಹಾಕಿದ್ದರು. "ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು" ಅಂತ ಮಗ ಮಾತು ಬಿಟ್ಟಿದ್ದ. ನಾನು ಅವನನ್ನು ಕೂರಿಸಿಕೊಂಡು ಗುಳಿಗೆಗೆ ಮುಂಚಿನ, ಆಮೇಲಿನ ಎರಡೂ ಚಿತ್ರ ತೋರಿಸಿದೆ. ಆ ಅಪ್ಪನ ಗುಳಿಗೆಯ ಡೋಸ್ ಅನ್ನು ನ್ಯೂರಾಲಜಿಸ್ಟ್ ನಿಧಾನಕ್ಕೆ ಇಳಿಸುತ್ತಿದ್ದಾರೆ. ಪೂರ್ತಿ ಇಳಿದ ಮೇಲೆ ಅವರನ್ನೇ ಮತ್ತೆ ಸ್ಕ್ಯಾನ್ ಮಾಡುತ್ತೇವೆ.