ಕಾಲಿನ ಮಾಯದ ಹುಣ್ಣಿಗೆ ಹೊಸ ಔಷಧದ ಟ್ರಯಲ್: ಸೇರುವ ಮುನ್ನ ಏನು ನೋಡಬೇಕು?

ಬಾಗಲಕೋಟೆ, ವಿಜಯಪುರದ ಕಡೆ ಬರಿಗಾಲಲ್ಲೇ ಹೊಲಕ್ಕೆ ಹೋಗುವವರು ಇನ್ನೂ ಇದ್ದಾರೆ. ಶುಗರ್‌ನಿಂದ ಅಂಗಾಲು ಮರಗಟ್ಟಿದ್ದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಆ ಗಾಯ ತಿಂಗಳಾದರೂ ಮಾಯದಿದ್ದಾಗ, ‘ಹೊಸ ಔಷಧದ ಟ್ರಯಲ್ ಇದೆ, ಸೇರ್ತೀರಾ?’ ಎಂದು ವೈದ್ಯರು ಕೇಳಬಹುದು. ಟ್ರಯಲ್ ಎಂದರೆ ಹೊಸ ಔಷಧ ಕೆಲಸ ಮಾಡುತ್ತದೆಯೇ ಎಂದು ರೋಗಿಗಳಲ್ಲಿ ನೋಡುವ ಪರೀಕ್ಷೆ.

ಮೊದಲು ಸಿಟಿಆರ್‌ಐ (ದೇಶದಲ್ಲಿ ನಡೆಯುವ ಇಂಥ ಟ್ರಯಲ್‌ಗಳ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. 2009ರಿಂದ ಈ ಸರ್ಕಾರಿ ನೋಂದಣಿ ಕಡ್ಡಾಯ. ಅದರ ವೆಬ್‌ಸೈಟ್ ಯಾರು ಬೇಕಾದರೂ ನೋಡಬಹುದು. ಮನೆಯ ಹುಡುಗರ ಕೈಲಿ ಮೊಬೈಲ್‌ನಲ್ಲಿ ಹುಡುಕಿಸಿ.

ಆಮೇಲೆ ಒಪ್ಪಿಗೆ ಪತ್ರ. ಅದು ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಬೆಳಗಾವಿಯಲ್ಲಿ ಮರಾಠಿ ಬೇಕಿದ್ದವರು ಮರಾಠಿಯಲ್ಲೇ ಕೇಳಿ. ಓದು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಒಂದು ಪ್ರತಿ ಇಸ್ಕೊಳ್ಳಿ. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ ಹೊಸ ಔಷಧ ಮತ್ತು ಟ್ರಯಲ್‌ಗಳ ಕುರಿತ ಕೇಂದ್ರ ಸರ್ಕಾರದ 2019ರ ನಿಯಮಗಳಲ್ಲಿ ಅವಕಾಶವಿದೆ. ಔಷಧಕ್ಕೆ ದುಡ್ಡು ಕೇಳಿದರೆ ನನ್ನ ಪ್ರಕಾರ ಅಲ್ಲಿಂದ ಎದ್ದು ಬರುವುದೇ ಸರಿ.

ಸೇರಿದ ದಿನವೇ ಹೊಸ ಮುಲಾಮು ಸಿಗುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಮೊದಲ ಎರಡು ವಾರ ಹಳೆಯ ಆರೈಕೆಯೇ. ಸತ್ತ ಚರ್ಮ ಕತ್ತರಿಸುತ್ತಾರೆ, ಡ್ರೆಸ್ಸಿಂಗ್ ಮಾಡುತ್ತಾರೆ, ಹುಣ್ಣಿನ ಮೇಲೆ ಭಾರ ಬೀಳದಂತೆ ವಿಶೇಷ ಬೂಟು ಅಥವಾ ಪ್ಲಾಸ್ಟರ್ ಹಾಕುತ್ತಾರೆ. ಅಷ್ಟರಲ್ಲೇ ಹುಣ್ಣು ಬೇಗ ಕುಗ್ಗಿದರೆ ನಿಮ್ಮನ್ನು ಟ್ರಯಲ್‌ನಿಂದ ಕೈಬಿಡುತ್ತಾರೆ. ಬೇಜಾರು ಬೇಡ, ಅದು ಒಳ್ಳೆಯ ಸುದ್ದಿ! ಸರಿಯಾದ ಆರೈಕೆಗೇ ಮಾಯುವ ಹುಣ್ಣು ಬಹಳ. ಅವನ್ನು ಸೇರಿಸಿಕೊಂಡರೆ ಹೊಸ ಔಷಧಕ್ಕೆ ಸುಮ್ನೆ ಹೆಸರು ಬರುತ್ತದೆ, ಅಲ್ವಾ?

ಉಳಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಹೊಸ ಔಷಧ ಒಂದು ಗುಂಪಿಗೆ ಮಾತ್ರ, ಆರೈಕೆ ಇಬ್ಬರಿಗೂ. ಯಾರಿಗೆ ಯಾವುದು ಎಂದು ಸಾಧ್ಯವಾದಷ್ಟು ಗುಟ್ಟಾಗಿಡುತ್ತಾರೆ. ಪ್ರತಿ ಭೇಟಿಯಲ್ಲೂ ಹುಣ್ಣನ್ನು ಅಳೆದು ಫೋಟೊ ತೆಗೆಯುತ್ತಾರೆ. ಹೆಚ್ಚಾಗಿ ಹನ್ನೆರಡು ವಾರ ನೋಡುತ್ತಾರೆ. ‘ಸ್ವಲ್ಪ ಚಿಕ್ಕದಾಯ್ತು’ ಎಂದರೆ ಸಾಲದು. ಚರ್ಮ ಪೂರ್ತಿ ಕೂಡಬೇಕು, ನೀರು ಸೋರಬಾರದು, ಬ್ಯಾಂಡೇಜ್ ಬೇಕಾಗಬಾರದು. ಎರಡು ವಾರ ಬಿಟ್ಟು ನೋಡಿದಾಗಲೂ ಹಾಗೇ ಇರಬೇಕು. ಆಗಲೇ ಅದು ‘ಮಾಯಿತು’ ಎಂದು ಲೆಕ್ಕ.

ಮೂಳೆಗೆ ಸೋಂಕು ತಗುಲಿದವರನ್ನು, ಕಾಲಿಗೆ ರಕ್ತ ಸರಿಯಾಗಿ ಹರಿಯದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅವರಿಗೆ ಬೇರೆ ಚಿಕಿತ್ಸೆ ತುರ್ತಾಗಿ ಬೇಕು.

ಟ್ರಯಲ್ ನಡೆಯುವಾಗ ನಡಿಗೆ ಕಮ್ಮಿ ಇರಲಿ. ಯುಗಾದಿಗೆ ಶ್ರೀಶೈಲದ ಪಾದಯಾತ್ರೆ ಹರಕೆಯಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಜ್ವರ ಬಂದರೆ, ಹುಣ್ಣು ನಾತ ಹೊಡೆದರೆ, ಬೆರಳು ಕಪ್ಪಾದರೆ ಮುಂದಿನ ಭೇಟಿಯ ತಾರೀಕು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.