ಸೊರಾರಿಟಿಯ ‘ಕುಕೀ ಶೈನ್’ ಎಲ್ಲಿಂದ ಬಂತು? ಮೂಲ ಹುಡುಕುವ ಬಗೆ

ಅಮೆರಿಕದ ಸೊರಾರಿಟಿಗಳಲ್ಲಿ, ಅಂದರೆ ಕಾಲೇಜು ವಿದ್ಯಾರ್ಥಿನಿಯರ ಸಂಘಗಳಲ್ಲಿ, ಸಂಪ್ರದಾಯಗಳ ಹುಟ್ಟಿನ ಕಥೆಗಳು ಬಾಯಿಂದ ಬಾಯಿಗೆ ಸಾಗಿ ಬರುತ್ತವೆ. ಅಂಥ ಕಥೆಗಳನ್ನು ಪರೀಕ್ಷಿಸುವ ಕ್ರಮಕ್ಕೆ ಪೈ ಬೀಟಾ ಫೈ ಸಂಘದ ‘ಕುಕೀ ಶೈನ್’ ಒಳ್ಳೆಯ ಉದಾಹರಣೆ. ಸಿಹಿತಿಂಡಿ ಹರಡಿಕೊಂಡು ಸದಸ್ಯೆಯರು ಒಟ್ಟಾಗಿ ಕೂರುವ ಕೂಟ ಇದು.

ಮೊದಲು ಪದವನ್ನೂ ಆಚರಣೆಯನ್ನೂ ಬೇರ್ಪಡಿಸಿ. ಈ ಪದ ಸಂಘದವರು ಕಟ್ಟಿದ್ದಲ್ಲ. ಸ್ಕಾಟ್ಲೆಂಡಿನಲ್ಲಿ ಚಹಾಕೂಟಕ್ಕೆ ತಮಾಷೆಯಾಗಿ ಹೀಗೆನ್ನುತ್ತಿದ್ದರು. ಅಲ್ಲಿ ಕುಕೀ ಎಂದರೆ ಬಿಸ್ಕತ್ತಲ್ಲ, ಬನ್ನು. ಹಳೆಯ ಪತ್ರಿಕೆಯಲ್ಲಿ ಪದ ಕಂಡ ಮಾತ್ರಕ್ಕೆ ಮೂಲ ಸಿಕ್ಕಿತೆಂದುಕೊಳ್ಳಬೇಡಿ. ಅದೇ ಸುದ್ದಿಯಲ್ಲಿ ಸಂಘದ ಹೆಸರೋ ಸದಸ್ಯೆಯ ಹೆಸರೋ ಇರಲೇಬೇಕು.

ಯಾವ ಹೆಸರು? ಇಲ್ಲೇ ಹೆಚ್ಚಿನವರು ಎಡವುವುದು. 1867ರ ಏಪ್ರಿಲ್ 28ರಂದು ಇಲಿನಾಯ್‌ನ ಮಾನ್‌ಮತ್ ಕಾಲೇಜಿನಲ್ಲಿ ಹನ್ನೆರಡು ಮಂದಿ ಈ ಸಂಘವನ್ನು ಕಟ್ಟಿದಾಗ ಅದರ ಹೆಸರು ‘ಐ.ಸಿ. ಸೊರೋಸಿಸ್’. ಪೈ ಬೀಟಾ ಫೈ ಎಂಬ ಹೆಸರು ಅಧಿಕೃತವಾದದ್ದು 1888ರಲ್ಲಿ. ಅದಕ್ಕೂ ಹಿಂದಿನ ಪುಟಗಳಲ್ಲಿ ‘ಐ.ಸಿ.’ ಎಂದು ಹುಡುಕಿ. ‘ಸೊರಾರಿಟಿ’ ಎಂದು ಹುಡುಕಿದರೂ ಕೈ ಬರಿದೇ. ವಿದ್ಯಾರ್ಥಿನಿಯರ ಸಂಘ ಎಂಬ ಅರ್ಥದಲ್ಲಿ ಆ ಪದ ಬಳಕೆಗೆ ಬಂದದ್ದೇ 1882ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಗಾಮಾ ಫೈ ಬೀಟಾ ಸಂಘಕ್ಕಾಗಿ. ಇಂಗ್ಲಿಷಿನಲ್ಲಿ ಕುಕೀ ಪದದ ಕೊನೆಯಲ್ಲಿ ‘ಐಇ’ ಇರಬಹುದು, ‘ವೈ’ ಇರಬಹುದು, ಕುಕೀ ಮತ್ತು ಶೈನ್ ನಡುವೆ ಅಡ್ಡಗೆರೆಯೂ ಇರಬಹುದು. ಮೂರನ್ನೂ ಪ್ರಯತ್ನಿಸಿ. ಸ್ಕ್ಯಾನ್ ಮಾಡಿದ ಮಸುಕು ಪುಟವನ್ನು ಕಂಪ್ಯೂಟರ್ ತಪ್ಪಾಗಿ ಓದುವುದರಿಂದ, ಮುಖ್ಯವೆನಿಸಿದ ತಿಂಗಳುಗಳನ್ನು ಕಣ್ಣಿನಿಂದಲೇ ಓದಬೇಕು.

ಈ ಕೂಟದ ಮೂಲ ಲಾರೆನ್ಸ್‌ನಲ್ಲಿ 1873ರಲ್ಲಿ ಆರಂಭವಾದ ಕ್ಯಾನ್ಸಾಸ್ ಶಾಖೆ ಎಂದು ಹೇಳುವುದುಂಟು. ಸಂಘದ ಪತ್ರಿಕೆ ‘ದಿ ಆರೋ’ ಶುರುವಾದದ್ದು 1885ರಲ್ಲಿ. ನಡುವಿನ ಹನ್ನೆರಡು ವರ್ಷಗಳಿಗೆ ಈ ಪತ್ರಿಕೆಯ ಆಸರೆ ಇಲ್ಲ. ಶಾಖೆಯ ನಡಾವಳಿ ಪುಸ್ತಕ, ಖರ್ಚಿನ ಲೆಕ್ಕ, ಕಾಲೇಜು ಪತ್ರಿಕೆ, ಊರಿನ ಪತ್ರಿಕೆ, ಕಾಗದ, ದಿನಚರಿಗಳೇ ಗತಿ. ಲೆಕ್ಕದ ಪುಸ್ತಕವನ್ನು ಕಡೆಗಣಿಸಬೇಡಿ: ನಡಾವಳಿ ‘ಸಭೆ ನಡೆಯಿತು’ ಎಂದಷ್ಟೇ ಹೇಳುವ ದಿನ, ಸಕ್ಕರೆ ಕೊಂಡ ಸಾಲು ಕೂಟದ ಸುಳಿವು ಕೊಡಬಲ್ಲದು. ಸಂಘದ ರಹಸ್ಯ ವಿಧಿಗಳ ಕಡತ ಕೇಳಬೇಡಿ. ಅದು ಸಿಗುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಸದಸ್ಯೆಯರ ತವರಿನ ಹೆಸರು, ಗಂಡನ ಹೆಸರು ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಒಬ್ಬಳೇ ಹೇಳಿದ ಮಾತು ಇಬ್ಬರ ಸಾಕ್ಷ್ಯವಾಗಿಬಿಡುತ್ತದೆ. ಐವತ್ತು ವರ್ಷದ ಮೇಲೆ ಬರೆದ ನೆನಪನ್ನು ಆ ಕಾಲದ ಬರಹದ ಜೊತೆ ಬೆರೆಸದೆ, ಬೇರೆ ಹಾಳೆಯಲ್ಲಿಡಿ.

ಫಲಿತಾಂಶ ಬರೆಯುವಾಗ, ಅತಿ ಹಳೆಯ ಸಾಕ್ಷ್ಯದ ವರ್ಷಕ್ಕೆ ‘ಶುರುವಾಯಿತು’ ಎನ್ನದೆ ‘ಆ ಹೊತ್ತಿಗಾಗಲೇ ಇತ್ತು’ ಎಂದು ಬರೆಯಿರಿ.